ಹಗ್ಗ ಎಳೆಯುವವರು ಯಾರು?

ಊರಿನ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಮೂರು ವರ್ಷ ಒಂದು ಜನರೇಟರ್ ಗೋಣಿಚೀಲ ಹೊದ್ದು ಕುಳಿತಿತ್ತು. ಪೆಟ್ರೋಲ್, ಎಲ್‌ಪಿಜಿ, ಗೋಬರ್ ಗ್ಯಾಸ್, ಯಾವುದನ್ನು ಕೊಟ್ಟರೂ ಓಡುತ್ತದೆ ಎಂದು ಅಂಗಡಿಯವರು ಹೇಳಿದ್ದ ಯಂತ್ರ. 2024ರ ಜುಲೈನಲ್ಲಿ ಆರು ದಿನ ಕರೆಂಟಿಲ್ಲದೆ ಹೋದಾಗ ನಾನು ಹೋಗಿ ಬಿಚ್ಚುವವರೆಗೆ ಅದು ಮೂರರಲ್ಲಿ ಒಂದರಿಂದಲೂ ಓಡಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಹಾಗೆಂದು ಮೆಕ್ಯಾನಿಕ್ ಆಮೇಲೆ ಪ್ರಮಾಣ ಮಾಡಿ ಹೇಳಿದ. ಅಲ್ಲಿಯವರೆಗೆ ಆಯಿ, ಅಂದರೆ ನಮ್ಮ ಅಮ್ಮ, ಹಳೆಯ ಲಾಟೀನು ಒರೆಸಿ ಹಚ್ಚಿಕೊಂಡು, ಬಾವಿಯಿಂದ ಕೊಡದಲ್ಲಿ ನೀರು ಸೇದಿಕೊಂಡು ಇದ್ದಳು. ಬೆಂಗಳೂರಿನಲ್ಲಿ ನಾನು, ಮೊದಲ ಎರಡು ದಿನ, "ಜನರೇಟರ್ ಇದೆಯಲ್ಲ" ಎಂದು ನೆಮ್ಮದಿಯಿಂದ ಮಲಗಿದ್ದೆ. ಆ ನೆಮ್ಮದಿ ಈಗಲೂ ನನ್ನನ್ನು ಚುಚ್ಚುತ್ತದೆ.

ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಮಳೆಗಾಲ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೈನು ಕಾಡಿನ ನಡುವೆ ಬರುತ್ತದೆ, ಮರ ಬೀಳುತ್ತದೆ, ಕಂಬ ವಾಲುತ್ತದೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡನೆಯ ದಿನ ಇನ್‌ವರ್ಟರ್ ಕೀಚಲು ದನಿಯಲ್ಲಿ ಅಳಲು ಶುರು ಮಾಡುತ್ತದೆ. ಮೂರನೆಯ ದಿನ ಮೊಬೈಲ್ ಟವರಿನ ಬ್ಯಾಟರಿ ಮುಗಿದು ಫೋನೂ ಸಾಯುತ್ತದೆ. ಅಲ್ಲಿಂದ ಮುಂದೆ ಊರಿನಲ್ಲಿ ಏನಾಯಿತು ಎಂಬುದು ಊರಿಗೆ ಹೋಗಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ನಾನು ಐದನೆಯ ದಿನ ಬಸ್ಸು ಹತ್ತಿದೆ.

ಅಪ್ಪಯ್ಯನ ಸೀಮೆಎಣ್ಣೆ ಯಂತ್ರ

ಎರಡು ಮೂರು ಇಂಧನಗಳ ಜನರೇಟರ್ ಎಂಬುದನ್ನು ಇಂದಿನ ಜಾಹೀರಾತುಗಳು ಹೊಸ ಸಂಗತಿಯಂತೆ ಹೇಳುತ್ತವೆ. ನಮ್ಮ ಮನೆಯಲ್ಲಿ ಅದು ತೊಂಬತ್ತರ ದಶಕದಲ್ಲೇ ಇತ್ತು. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ, ಒಂದೂವರೆ ಕಿಲೋವ್ಯಾಟಿನ ಸಣ್ಣ ಯಂತ್ರ. ಅಡಿಕೆ ಸುಲಿಯುವ ಕಾಲದಲ್ಲಿ ಅಪ್ಪಯ್ಯ ಅದನ್ನು ಅಂಗಳದಾಚೆ ಹಲಸಿನ ಮರದ ಬುಡಕ್ಕೆ ಒಯ್ದು ಇಡುತ್ತಿದ್ದ. ಆಗ ಹದಿನೈದು ಇಪ್ಪತ್ತು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಕರೆಂಟು ಹೋದರೆ ಸುಲಿತ ನಿಲ್ಲುವಂತಿರಲಿಲ್ಲ, ಬೆಳಿಗ್ಗೆ ಹಂಡೆಯಲ್ಲಿ ಬೇಯಿಸಬೇಕು.

ಹೊತ್ತಿಸುವುದು ಒಂದು ಪೂಜೆಯಂತೆ ನಡೆಯುತ್ತಿತ್ತು. ಪುಟ್ಟ ಟ್ಯಾಂಕಿಗೆ ಒಂದು ಲೋಟ ಪೆಟ್ರೋಲ್. ಚೋಕ್ ಎಳೆದು, ಎಡಗಾಲನ್ನು ಚೌಕಟ್ಟಿನ ಮೇಲೆ ಊರಿ, ಹಗ್ಗ ಹಿಡಿದು ಒಮ್ಮೆ ಮೆಲ್ಲಗೆ ಎಳೆದು ಬಿಗಿ ಸಿಕ್ಕುವ ಜಾಗ ಹುಡುಕುತ್ತಿದ್ದ. ಆಮೇಲೆ ಒಂದೇ ಜಗ್ಗು. ಐದು ನಿಮಿಷ ಪೆಟ್ರೋಲಿನಲ್ಲಿ ಓಡಿ ಎಂಜಿನ್ ಬಿಸಿಯಾದ ಮೇಲೆ ಇಂಧನದ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಬದಲಿಸುವುದು; ಆಗ ದನಿ ಸ್ವಲ್ಪ ಒರಟಾಗುತ್ತದೆ, ಹೊಗೆ ನೀಲಿಗೆ ತಿರುಗುತ್ತದೆ, ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಏಳುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು ಎರಡು ನಿಮಿಷ ಓಡಿಸಬೇಕು, ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಅದು ಹೊತ್ತುವುದೇ ಇಲ್ಲ. ಈ ಕೊನೆಯ ಎರಡು ನಿಮಿಷವನ್ನು ಅಪ್ಪಯ್ಯ ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಖಾಲಿ ಅಂಗಳಕ್ಕೆ ಬೆಳಕು ಸುರಿಯುತ್ತ ಅದು ಸುಮ್ಮನೆ ಓಡುತ್ತಿದ್ದದ್ದು, ಅವನು ಅದರ ಪಕ್ಕ ಕೈಕಟ್ಟಿ ನಿಂತು ಕಾಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಪಡಿತರದ ನೀಲಿ ಸೀಮೆಎಣ್ಣೆ ಕಡಿಮೆಯಾಗುತ್ತ ಬಂದಂತೆ ಆ ಯಂತ್ರ ಅಟ್ಟ ಸೇರಿತು. ಅಪ್ಪಯ್ಯ ತೀರಿಕೊಂಡ ಮೇಲೆ ಗುಜರಿಯವನು ಬಂದು ಒಯ್ದ. ಆಗ ನಾನು ಗಮನಿಸದೆ ಹೋದ ಸಂಗತಿ ಒಂದಿದೆ: ಆ ಯಂತ್ರ ಓಡುತ್ತಿದ್ದದ್ದು ಪೆಟ್ರೋಲಿನಿಂದಲೂ ಅಲ್ಲ, ಸೀಮೆಎಣ್ಣೆಯಿಂದಲೂ ಅಲ್ಲ, ಅಪ್ಪಯ್ಯನಿಂದ.

ಬೆಂಗಳೂರಿನಲ್ಲಿ ಕುಳಿತು ಮಾಡಿದ ಲೆಕ್ಕ

2019ರ ಆಗಸ್ಟಿನ ಮಳೆಯಲ್ಲಿ ಮಲೆನಾಡು ಕತ್ತಲಲ್ಲಿ ಮುಳುಗಿದ ಮೇಲೆ ಹೊಸ ಜನರೇಟರ್ ತರುವ ಮಾತು ಮನೆಯಲ್ಲಿ ಶುರುವಾಯಿತು. ಕೊರೊನಾ ಬಂದು ಅದು ಮುಂದೆ ಹೋಯಿತು. 2021ರಲ್ಲಿ ನಾನು ಪೂರ್ತಿ ಸಜ್ಜಾಗಿದ್ದೆ. ಅಂದರೆ ಎರಡು ತಿಂಗಳು ರಾತ್ರಿ ಹೊತ್ತು ಅಮೆರಿಕದವರ ವಿಡಿಯೊ ನೋಡಿದ್ದೆ. ಅವರಿಗೆ ಚಂಡಮಾರುತ, ನಮಗೆ ಮುಂಗಾರು. ಉಳಿದದ್ದೆಲ್ಲ ಒಂದೇ ಎಂದು ನನ್ನ ಎಣಿಕೆ. ಅವರ ಮನೆಯ ಗೋಡೆಯಲ್ಲಿ ನೈಸರ್ಗಿಕ ಅನಿಲದ ಪೈಪು ಇರುತ್ತದೆ, ಹಿತ್ತಲಿನಲ್ಲಿ ಪ್ರೊಪೇನ್ ತೊಟ್ಟಿ ಇರುತ್ತದೆ, ಯಂತ್ರ ಕೆಟ್ಟರೆ ಮರುದಿನ ಬಿಡಿಭಾಗ ಬಾಗಿಲಿಗೆ ಬರುತ್ತದೆ ಎಂಬುದು ಕಣ್ಣಿಗೆ ಕಂಡರೂ ತಲೆಗೆ ಇಳಿದಿರಲಿಲ್ಲ.

ಕಾಗದದ ಮೇಲೆ ಪಟ್ಟಿ ಮಾಡಿದೆ. ಎಲ್‌ಇಡಿ ಬಲ್ಬುಗಳು, ಎಲ್ಲ ಸೇರಿ ಅರವತ್ತು ವ್ಯಾಟ್. ಫ್ರಿಜ್ಜು ನೂರೈವತ್ತು. ಮಿಕ್ಸರ್ ಏಳುನೂರೈವತ್ತು, ಆದರೆ ಐದೇ ನಿಮಿಷ. ಇಷ್ಟಕ್ಕೆ ಒಂದೂವರೆ ಎರಡು ಕಿಲೋವ್ಯಾಟಿನ ಯಂತ್ರ ಸಾಕು. ಲೆಕ್ಕವನ್ನು ಕೆಡಿಸಿದ್ದು ಬಾವಿಯ ಪಂಪು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಮೋಟರಿನ ಸೋರಿಕೆಯೂ ಸೇರಿ ಓಡುವಾಗ ಸಾವಿರದ ನೂರು ವ್ಯಾಟ್ ಎಳೆಯುತ್ತದೆ. ಆದರೆ ನಿಂತ ಮೋಟರ್ ತಿರುಗಲು ಶುರು ಮಾಡುವ ಆ ಒಂದೆರಡು ಸೆಕೆಂಡು ನಾಲ್ಕೈದು ಪಟ್ಟು ಕರೆಂಟು ಕೇಳುತ್ತದೆ. ಅಷ್ಟು ಕೊಡಲಾಗದ ಜನರೇಟರ್ ಉಸಿರು ಕಟ್ಟಿ ನಿಲ್ಲುತ್ತದೆ. ಹೀಗಾಗಿ ದಿನಕ್ಕೆ ಇಪ್ಪತ್ತು ನಿಮಿಷ ಓಡುವ ಪಂಪಿಗಾಗಿ, ಅದೂ ಅದರ ಮೊದಲ ಎರಡು ಸೆಕೆಂಡಿಗಾಗಿ, ನಾನು 5 ಕೆವಿಎ (ಕಿಲೋವ್ಯಾಟಿನ ಹತ್ತಿರದ ಇನ್ನೊಂದು ಅಳತೆ) ಯಂತ್ರವನ್ನು ಆರಿಸಿದೆ. ಸುಮಾರು 390 ಸಿಸಿ ಎಂಜಿನ್, ಎಂಬತ್ತು ಕಿಲೋ ತೂಕ. ಅದಕ್ಕೂ "ಪೋರ್ಟಬಲ್" ಎಂದೇ ಹೆಸರು, ಕೆಳಗೆ ಎರಡು ಗಾಲಿ ಇವೆಯಲ್ಲ. ಆ ಗಾಲಿಗಳು ನಮ್ಮ ಅಂಗಳದ ಕೆಸರಿನಲ್ಲಿ ಒಂದು ಗೇಣೂ ಉರುಳಲಿಲ್ಲ. ನಾಲ್ಕು ಜನ ಹೆಣ ಹೊತ್ತಂತೆ ಹೊತ್ತು ಕೊಟ್ಟಿಗೆಗೆ ಸೇರಿಸಿದೆವು.

ಡೀಸೆಲ್ ಬೇಡವೆಂದದ್ದು ಮಾತ್ರ ಸರಿಯಾದ ತೀರ್ಮಾನ. ಅದೇ ಶಕ್ತಿಗೆ ಅದರ ತೂಕ ಇನ್ನೂ ಹೆಚ್ಚು, ಸದ್ದು ಇನ್ನೂ ಜೋರು.

ಅಂಗಡಿಯವರು ಹೇಳದ, ನಾನೂ ಕೇಳದ ಇನ್ನೊಂದು ಮಾತು: ಫಲಕದ ಮೇಲೆ ಬರೆದ 5 ಕೆವಿಎ ಪೆಟ್ರೋಲಿನ ಲೆಕ್ಕ. ಎಲ್‌ಪಿಜಿಗೆ ಬಂದರೆ ಹತ್ತರಲ್ಲಿ ಒಂದು ಪಾಲು ಕಡಿಮೆ. ಗೋಬರ್ ಗ್ಯಾಸಿಗೆ ಬಂದರೆ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕಳೆದುಹೋಗಬಹುದು. ಅನಿಲವಾಗಿ ಒಳಗೆ ಬರುವ ಇಂಧನ ಸಿಲಿಂಡರಿನಲ್ಲಿ ಗಾಳಿಯ ಜಾಗವನ್ನು ತಾನು ಹಿಡಿಯುತ್ತದೆ, ಗಾಳಿ ಕಡಿಮೆಯಾದರೆ ಬಲವೂ ಕಡಿಮೆ. ಗೋಬರ್ ಗ್ಯಾಸಿನಲ್ಲಂತೂ ಉರಿಯುವ ಮೀಥೇನ್ ಇರುವುದು ನೂರಕ್ಕೆ ಐವತ್ತೈದರಿಂದ ಅರವತ್ತೈದು. ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಸುಮ್ಮನೆ ಬಂದು ಸುಮ್ಮನೆ ಹೋಗುವ ನೆಂಟ. ಅಂದರೆ ನಾನು ಪಂಪಿಗಾಗಿ ತಂದ ಐದು, ಗೋಬರ್ ಗ್ಯಾಸಿನಲ್ಲಿ ಪಂಪನ್ನು ಎತ್ತುತ್ತದೆಯೋ ಇಲ್ಲವೋ ಎಂಬ ಅನುಮಾನದ ಮೂರಾಯಿತು.

ಗ್ಯಾಸಿನ ಗುಂಡಿಯ ಮುಂದೆ ಒಂದು ಭಾನುವಾರ

ನನಗೆ ಅತಿ ಆಸೆ ಇದ್ದದ್ದು ಗೋಬರ್ ಗ್ಯಾಸಿನ ಮೇಲೆಯೇ. ಪೆಟ್ರೋಲ್ ಬರುವುದೂ ಎಲ್‌ಪಿಜಿ ಬರುವುದೂ ಅದೇ ಘಟ್ಟದ ರಸ್ತೆಯಲ್ಲಿ. ಮುಂದೆ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದಾಗ ಅನಿಲ ತುಂಬಿದ ಟ್ಯಾಂಕರೇ ಗಂಗಾವಳಿ ನದಿಯಲ್ಲಿ ತೇಲಿಹೋದದ್ದನ್ನು ಎಲ್ಲರೂ ನೋಡಿದ್ದೇವೆ. ಎರಡು ಇಂಧನ ಇದ್ದರೂ ಎರಡೂ ಒಂದೇ ರಸ್ತೆಯನ್ನು ನಂಬಿದ್ದರೆ ಅದು ಎರಡಲ್ಲ, ಒಂದೇ. ಕೊಟ್ಟಿಗೆಯಿಂದ ಬರುವುದೊಂದೇ ರಸ್ತೆಯನ್ನು ಕೇಳದ ಇಂಧನ. ಆದ್ದರಿಂದ ಯಂತ್ರ ಬಂದ ಮೊದಲ ಭಾನುವಾರವೇ ಅಕ್ಕನ ಗಂಡನಾದ ನಮ್ಮ ಭಾವನೂ ನಾನೂ ಸೇರಿ ಗುಂಡಿಯಿಂದ ಜನರೇಟರಿಗೆ ಪೈಪು ಎಳೆದೆವು.

ಮೊದಲು ಎಂಜಿನ್ ಕೆಮ್ಮಿತು. ಎಲ್‌ಪಿಜಿ ಒಂದು ಪಾಲಿಗೆ ಇಪ್ಪತ್ತೈದು ಪಾಲಿನಷ್ಟು ಗಾಳಿ ಬೇಕು. ಗೋಬರ್ ಗ್ಯಾಸಿಗೆ ಆರು ಪಾಲು ಸಾಕು. ಅಂದರೆ ಅಷ್ಟೇ ಗಾಳಿಯ ಜೊತೆಗೆ ನಾಲ್ಕು ಪಟ್ಟು ಅನಿಲ ನುಗ್ಗಬೇಕು. ನಮ್ಮ ಅಡುಗೆಮನೆಯ ಅರ್ಧ ಇಂಚಿನ ಪೈಪಿನಲ್ಲಿ, ಹುಗಿದ ಗುಮ್ಮಟದ ಆ ಸಣ್ಣ ಒತ್ತಡದಲ್ಲಿ, ಅಷ್ಟು ಎಲ್ಲಿಂದ ಬರಬೇಕು? ಪೇಟೆಗೆ ಹೋಗಿ ಒಂದಿಂಚಿನ ಪೈಪು ತಂದೆವು. ನಡುವೆ ಒಂದು ಡಬ್ಬಿಗೆ ಲೇತ್ ಅಂಗಡಿಯ ಕಬ್ಬಿಣದ ಚೂರು ತುಂಬಿ ಅನಿಲ ಅದರ ಮೂಲಕ ಹಾಯುವಂತೆ ಮಾಡಿದೆವು. ಸಗಣಿಯ ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಅದನ್ನು ಕಬ್ಬಿಣದ ತುಕ್ಕಿಗೆ ಹಿಡಿಸದೆ ಎಂಜಿನ್ನಿಗೆ ಬಿಟ್ಟರೆ ಹಿತ್ತಾಳೆ ತಾಮ್ರದ ಭಾಗಗಳನ್ನೆಲ್ಲ ತಿಂದು ಹಾಕುತ್ತದೆ. ಸಂಜೆ ನಾಲ್ಕಕ್ಕೆ ಯಂತ್ರ ಹೊತ್ತಿತು. ಭಾವ ಹೆಗಲ ಮೇಲಿನ ಟವೆಲ್ ತೆಗೆದು ಗಾಳಿಯಲ್ಲಿ ಬೀಸಿದ. ಜಗುಲಿಯ ಬಲ್ಬು ಉರಿಯಿತು, ಫ್ರಿಜ್ಜು ಗುಯ್ ಎಂದಿತು. ನಾನು ಮೊಬೈಲಿನಲ್ಲಿ ಚಿತ್ರ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ.

ಮುಕ್ಕಾಲು ಗಂಟೆ ಕಳೆದಿರಬಹುದು, ಅಡುಗೆಮನೆಯಿಂದ ಆಯಿ ಬಂದು ಬಾಗಿಲಲ್ಲಿ ನಿಂತಳು. "ಚಹಕ್ಕೆ ನೀರಿಟ್ಟಿದ್ದೆ ತಮಾ, ಒಲೆ ಆರಿಹೋಯಿತು" ಎಂದಳು.

ಹತ್ತು ದನಗಳಿದ್ದ ಕಾಲದ ಗುಂಡಿ ಅದು. ಈಗ ಇರುವುದು ಎರಡು. ಒಂದು ದನ ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿದರೆ, ಇಪ್ಪತ್ತೈದು ಕಿಲೋ ಸಗಣಿಗೆ ಒಂದು ಘನ ಮೀಟರ್ ಅನಿಲ ಬಂದರೆ, ನಮ್ಮ ಮನೆಗೆ ದಿನಕ್ಕೆ ಒಂದು ಘನ ಮೀಟರೂ ಪೂರ್ತಿ ಇಲ್ಲ. ಸಣ್ಣ ಎಂಜಿನ್ನಿನಲ್ಲಿ ಒಂದು ಘನ ಮೀಟರಿಗೆ ಸುಮಾರು ಒಂದೂವರೆ ಯೂನಿಟ್ ಕರೆಂಟು. ಮಳೆಗಾಲದ ಚಳಿಯಲ್ಲಿ ಅನಿಲ ಇನ್ನೂ ಕಡಿಮೆ. ಆಯಿಯ ಒಂದು ದಿನದ ಅನ್ನ, ಸಾರು, ಎರಡು ಹೊತ್ತಿನ ಚಹವನ್ನು ನಾವು ಒಂದು ಬಲ್ಬು, ಒಂದು ಫ್ರಿಜ್ಜಿನಲ್ಲಿ ಸುಟ್ಟಿದ್ದೆವು. ಭಾವ ಮರುಮಾತಾಡದೆ ಪೈಪು ಬಿಚ್ಚಿ ಸುರುಳಿ ಸುತ್ತಿದ. ಆ ಪೈಪು ಈಗ ಬೆಟ್ಟದಿಂದ ತಾನೇ ಹರಿದು ತೋಟಕ್ಕೆ ಬರುವ ಅಬ್ಬಿ ನೀರಿಗೆ ಬಳಕೆಯಾಗುತ್ತಿದೆ. ಡೈರಿ ಮಟ್ಟದಲ್ಲಿ ದನ ಸಾಕಿದವರಿಗೆ ಗೋಬರ್ ಗ್ಯಾಸ್ ಜನರೇಟರ್ ಒಳ್ಳೆಯದೇ ಇರಬಹುದು. ಎರಡು ದನದ ಮನೆಯಲ್ಲಿ ಅನಿಲಕ್ಕೆ ಒಲೆಗಿಂತ ಒಳ್ಳೆಯ ಜಾಗವಿಲ್ಲ.

ಓದಲು ಬೆಳಕು ಬೇಕಲ್ಲ

ಉಳಿದದ್ದು ಪೆಟ್ರೋಲ್ ಮತ್ತು ಎಲ್‌ಪಿಜಿ. ನಾನು ಹೊರಡುವ ಮುನ್ನ ಟ್ಯಾಂಕಿಗೆ ಪೆಟ್ರೋಲ್ ತುಂಬಿ, ಹೊತ್ತಿಸುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಒಂದು, ಪೆಟ್ರೋಲ್ ನಲ್ಲಿ ತೆರೆ. ಎರಡು, ಚೋಕ್ ಎಳೆ. ಹೀಗೆ ಒಂಬತ್ತು ಹೆಜ್ಜೆ. ಆಯಿಗೆ ತೊಂದರೆಯಾಗಬಾರದೆಂದು ಗುಂಡಿ ಒತ್ತಿದರೆ ಹೊತ್ತುವ ಯಂತ್ರವನ್ನೇ ತಂದಿದ್ದೆ. ಆಮೇಲೆ ಪ್ರತಿ ವರ್ಷ ದೀಪಾವಳಿಗೆ, ಯುಗಾದಿಗೆ ಹೋದಾಗ ನಾನೇ ಹೊತ್ತಿಸಿ ನೋಡುತ್ತಿದ್ದೆ. ನನ್ನ ಕೈಗೆ ಹೊತ್ತುತ್ತಿತ್ತು.

ಆ ಜುಲೈನಲ್ಲಿ ನಡೆದದ್ದು ಇಷ್ಟು. ಆಯಿ ಎರಡನೆಯ ದಿನ ಸಂಜೆ ಕೊಟ್ಟಿಗೆಗೆ ಹೋಗಿ ಗುಂಡಿ ಒತ್ತಿದಳು. ಟಕ್ ಎಂದಿತು, ಅಷ್ಟೇ. ಹೊತ್ತಿಸುವ ಬ್ಯಾಟರಿ ತಿಂಗಳುಗಟ್ಟಲೆ ಕುಳಿತು ತಾನೇ ಬರಿದಾಗಿತ್ತು. ಕರೆಂಟು ಹೋದಾಗ ಬೇಕಾಗುವ ಯಂತ್ರದ ಬ್ಯಾಟರಿಯನ್ನು ಕರೆಂಟು ಇದ್ದಾಗ ಆಗಾಗ ಚಾರ್ಜ್ ಮಾಡಬೇಕು ಎಂಬುದು ನನ್ನ ಒಂಬತ್ತು ಹೆಜ್ಜೆಗಳಲ್ಲಿ ಇರಲಿಲ್ಲ. ಸರಿ, ಹಗ್ಗ. 390 ಸಿಸಿ ಎಂಜಿನ್ನಿನ ಹಗ್ಗವನ್ನು ನಾನೇ ಎಳೆದರೂ ಭುಜ ಹಿಡಿದುಕೊಳ್ಳುತ್ತದೆ. ಆಯಿಗೆ ಅರವತ್ತೆಂಟು, ಬಲಗೈ ತಲೆಯವರೆಗೆ ಎತ್ತಲು ಬರುವುದಿಲ್ಲ. ಮೂರು ಸಲ ಎಳೆದಳಂತೆ. ಮೇಲಿನ ಮನೆಯ ಹುಡುಗ ಬಂದು ಹತ್ತು ಸಲ ಎಳೆದನಂತೆ. ಹೊತ್ತಲಿಲ್ಲ, ಏಕೆಂದರೆ ಯುಗಾದಿಯಿಂದ ಕಾರ್ಬುರೇಟರಿನಲ್ಲೇ ನಿಂತ ಪೆಟ್ರೋಲ್ ಆರಿ ಅಂಟಾಗಿ, ಕೂದಲೆಳೆಯಷ್ಟು ಸಣ್ಣ ತೂತನ್ನು ಮುಚ್ಚಿತ್ತು. ಟ್ಯಾಂಕಿನ ಪೆಟ್ರೋಲಿಗೆ ಎಥೆನಾಲ್ ಬೆರೆತಿರುತ್ತದೆ. ಅದು ನಮ್ಮ ಮಳೆಗಾಲದ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಎಂಜಿನ್ ಮೊದಲು ಕುಡಿಯುವುದು ಆ ತಳದ ನೀರನ್ನೇ.

ಎಲ್‌ಪಿಜಿಗೆ ಈ ಕಾಯಿಲೆ ಇಲ್ಲ. ಸಿಲಿಂಡರಿನಲ್ಲಿ ಐದು ವರ್ಷ ಇಟ್ಟರೂ ಅದು ಹಳಸುವುದಿಲ್ಲ, ಕಾರ್ಬುರೇಟರಿನಲ್ಲಿ ಅಂಟು ಬಿಡುವುದಿಲ್ಲ. ಯಂತ್ರಕ್ಕೆ ಎಲ್‌ಪಿಜಿ ಕಿಟ್ ಹಾಕಿಸಿದ್ದೂ ಇತ್ತು. ಆದರೆ ಕೆಂಪು ಸಿಲಿಂಡರ್ ಅಡುಗೆಗೆ ಮಾತ್ರ, ಎಂಜಿನ್ನಿಗೆ ಹಾಕುವಂತಿಲ್ಲ ಎಂದು ನಾನು ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರ್ ತಂದಿಟ್ಟಿದ್ದೆ. ತುಂಬಿದ ಸಿಲಿಂಡರನ್ನು ಕಬ್ಬಿಣದ ತೂಕವೂ ಸೇರಿ ಕೊಟ್ಟಿಗೆಯ ಆ ಮೂಲೆಯಿಂದ ಈ ಮೂಲೆಗೆ ಆಯಿ ಹೇಗೆ ಎಳೆಯಬೇಕು ಎಂದು ಯೋಚಿಸಿರಲಿಲ್ಲ.

"ಗೋಡೆಗೆ ಅಂಟಿಸಿದ್ದನ್ನು ನೋಡಬಾರದಿತ್ತೇ?" ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ಅದನ್ನು ಓದಲು ಬೆಳಕು ಬೇಕಲ್ಲ ತಮಾ" ಎಂದಳು. ಹೋಗಿ ನೋಡಿದರೆ ಕಾಗದಕ್ಕೆ ಬೂಷ್ಟು ಬಂದು ನಾಲ್ಕನೆಯ ಹೆಜ್ಜೆಯಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ.

ಲೈನ್‌ಮ್ಯಾನ್ ಕೇಳಿದ ಪ್ರಶ್ನೆ

ನಾನು ಊರು ಮುಟ್ಟಿದ ದಿನ ಸಂಜೆ ಕಾರ್ಬುರೇಟರ್ ಬಿಚ್ಚಿ, ವೈರಿನ ಒಳಗಿನ ತಾಮ್ರದ ಎಳೆಯಿಂದ ತೂತು ಬಿಡಿಸಿ, ಯಂತ್ರ ಹೊತ್ತಿಸಿದೆ. ಹೊತ್ತಿದಾಗ ಹೆಮ್ಮೆಯೇನೂ ಆಗಲಿಲ್ಲ. ಅಬ್ಬರವೇನೋ ಜೋರಾಗಿತ್ತು, ಆದರೆ ಮನೆಯ ಇನ್‌ವರ್ಟರ್ ಚಾರ್ಜ್ ಆಗಲು ಒಪ್ಪಲಿಲ್ಲ. ಇಂಥ ಜನರೇಟರಿನ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ಸರಿಯಾಗಿ ತಿರುಗಿದರೆ ಮಾತ್ರ 50 ಹರ್ಟ್ಸ್. ಭಾರ ಬಿದ್ದಾಗ ಕೆಳಗೆ, ಬಿಟ್ಟಾಗ ಮೇಲೆ ಎಂದು ಅದು ತೊನೆಯುತ್ತಿರುತ್ತದೆ. ಕಂಪ್ಯೂಟರಿಗೆಂದು ಕಟ್ಟುನಿಟ್ಟಾಗಿರುವ ಸ್ಥಿತಿಯಲ್ಲಿ ಇನ್‌ವರ್ಟರ್ ಇದನ್ನು ಕರೆಂಟೆಂದೇ ಒಪ್ಪುವುದಿಲ್ಲ. ಹಿಂಬದಿಯ ಚಿಕ್ಕ ಸ್ವಿಚ್ಚನ್ನು "ಯುಪಿಎಸ್"ನಿಂದ ಆಚೆ ತಳ್ಳಿದ ಮೇಲೆ ಒಪ್ಪಿತು. ಇದನ್ನು ಯಾವ ಅಂಗಡಿಯವನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಲೈನ್‌ಮ್ಯಾನ್ ಬಂದರು. ರೇನ್‌ಕೋಟಿನ ಮೇಲೆ ಜೇಡಿಮಣ್ಣು, ಕಾಲಲ್ಲಿ ಉಂಬಳ ಕಚ್ಚಿದ ರಕ್ತ. ಅಂಗಳಕ್ಕೆ ಕಾಲಿಡುವ ಮೊದಲೇ ಕೇಳಿದರು: "ನಿಮ್ಮ ಮನೆಯಲ್ಲಿ ಜನರೇಟರ್ ಇದೆಯಂತಲ್ಲ ಹೆಗಡೇರೇ, ಚೇಂಜ್‌ಓವರ್ ಹಾಕಿಸಿದ್ದೀರಾ?"

ಮನೆಯನ್ನು ಲೈನಿಗೆ ಇಲ್ಲವೇ ಜನರೇಟರಿಗೆ, ಒಂದು ಸಲಕ್ಕೆ ಒಂದಕ್ಕೆ ಮಾತ್ರ ಜೋಡಿಸುವ ಆ ಸ್ವಿಚ್ಚನ್ನು ಹಾಕಿಸಿರಲಿಲ್ಲ. ನಾನು ಮಾಡಿದ್ದು ಊರಿನಲ್ಲಿ ಎಷ್ಟೋ ಜನ ಮಾಡುವುದನ್ನೇ: ಎರಡೂ ತುದಿಗೆ ಪಿನ್ನಿರುವ ವೈರು, ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ, ಮೇನ್ ಸ್ವಿಚ್ ಕೆಳಗೆ ಇಳಿಸಿದರಾಯಿತು. ಇಳಿಸಲು ಮರೆತರೆ? ನಮ್ಮ ಜನರೇಟರಿನ 230 ವೋಲ್ಟ್ ತಂತಿಯಲ್ಲಿ ಹಿಮ್ಮುಖವಾಗಿ ಹೋಗಿ ಟಿ.ಸಿ. ಸೇರುತ್ತದೆ. ಟಿ.ಸಿ.ಗೆ ಹಿಂದೆ ಮುಂದೆ ಎಂಬ ಭೇದವಿಲ್ಲ. ಇಳಿಸುವ ಯಂತ್ರವೇ ಏರಿಸುವ ಯಂತ್ರವಾಗಿ ಆ ಕಡೆಯ 11 ಸಾವಿರ ವೋಲ್ಟಿನ ಲೈನಿಗೆ ಜೀವ ಕೊಡುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬದ ಮೇಲೆ ಬರಿಗೈಯಲ್ಲಿ ಕೆಲಸ ಮಾಡುವವನು ಈ ಮನುಷ್ಯ. ಪಿನ್ನು ಕಳಚಿ ಬಂದರೆ ಹಿಡಿದವರ ಕೈಗೂ ಅದೇ 230.

ನಾನು ವೈರನ್ನು ತೋರಿಸಿದೆ. ಅವರು ಬೈಯಲಿಲ್ಲ. ಸೊಂಟದಿಂದ ಕಟಿಂಗ್ ಪ್ಲೇಯರ್ ತೆಗೆದು ಒಂದು ತುದಿಯ ಪಿನ್ನನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟರು. "ಆಯಿ, ಚಹ ಬೇಡ, ಇನ್ನೂ ಮೂರು ಕಂಬ ಇದೆ" ಎಂದು ಹೋದರು. ಆಯಿ ಬಿಡಲಿಲ್ಲ, ಬಾಳೆಲೆಯಲ್ಲಿ ದೋಸೆ ಕಟ್ಟಿ ಹಿಂದೆಯೇ ಓಡಿದಳು.

ಅವರು ಹೋಗುವಾಗ ಕೊಟ್ಟಿಗೆಯ ಕಡೆ ನೋಡಿ ಇನ್ನೊಂದು ಮಾತು ಹೇಳಿದ್ದರು: "ಅದನ್ನು ಒಳಗಿಟ್ಟು ಓಡಿಸಬೇಡಿ." ಮಳೆಗೆ ನೆನೆಯುತ್ತದೆಂದು ಒಳಗಿಡುವವರೇ ಎಲ್ಲರೂ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ರಕ್ತವನ್ನು ಹಿಡಿಯುತ್ತದೆ, ನಿದ್ದೆ ಬಂದಂತೆ ಅನ್ನಿಸುತ್ತದೆ. ಎಲ್‌ಪಿಜಿಯಲ್ಲಿ ಓಡಿದರೆ ಹೊಗೆ ಕಾಣುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ಇನ್ನೂ ಕೆಟ್ಟದ್ದು. ಅಪ್ಪಯ್ಯ ಹಲಸಿನ ಬುಡದಲ್ಲಿ ಇಡುತ್ತಿದ್ದದ್ದು ಸದ್ದಿಗೆ ಹೆದರಿ ಎಂದು ತಿಳಿದಿದ್ದೆ. ಕೊಟ್ಟಿಗೆಯ ಎರಡು ದನಗಳ ಪುಣ್ಯ ದೊಡ್ಡದು.

ಎರಡನೆಯ ಸಲ

ಈ ಸಲ ಆರಿಸುವಾಗ ವ್ಯಾಟಿನ ಪಟ್ಟಿ ಬರೆಯಲಿಲ್ಲ. ಆಯಿಯ ಹತ್ತಿರ ಕುಳಿತು ಏನೇನು ಬೇಕು ಎಂದು ಕೇಳಿದೆ. ಫೋನು, ಎರಡು ದೀಪ, ದೋಸೆಗೆ ಕಾಯಿಗೆ ಮಿಕ್ಸರ್. ಫ್ರಿಜ್ಜು? "ಮಳೆಗಾಲದಲ್ಲಿ ಊರೇ ಫ್ರಿಜ್ಜು" ಎಂದಳು. ನೀರು? ಅಲ್ಲಿ ಸ್ವಲ್ಪ ತಡೆದಳು. ಜನರೇಟರಿನಿಂದ ಪಂಪು ಓಡಿಸುವ ಹಟವನ್ನೇ ಬಿಟ್ಟು, ಮೇಲಿನ ಬೆಟ್ಟದ ಅಬ್ಬಿ ನೀರನ್ನು ಮಳೆಗಾಲದ ಮಟ್ಟಿಗೆ ಮನೆಯ ತೊಟ್ಟಿಗೆ ತಿರುಗಿಸಿದೆವು. ಸುತ್ತಲೂ ನೀರು ಬೀಳುವ ನಾಲ್ಕು ತಿಂಗಳಲ್ಲಿ ಬಾವಿಯಿಂದ ನೀರೆತ್ತಲು 5 ಕೆವಿಎ ತಂದವನು ನಾನು.

ಪಂಪು ಹೋದ ಮೇಲೆ ಯಂತ್ರ ತಾನೇ ಸಣ್ಣದಾಯಿತು. ಈಗ ಇರುವುದು 2 ಕೆವಿಎಯ ಇನ್‌ವರ್ಟರ್ ಜನರೇಟರ್: 120 ಸಿಸಿ, ಇಪ್ಪತ್ತೊಂದು ಕಿಲೋ, ಮೇಲೆ ಸೂಟ್‌ಕೇಸಿನಂತೆ ಹಿಡಿಕೆ. ಇದು ಹುಟ್ಟಿದ ಕರೆಂಟನ್ನು ಒಮ್ಮೆ ಡಿಸಿ ಮಾಡಿ ಮತ್ತೆ ಎಸಿ ಮಾಡುವುದರಿಂದ ಎಂಜಿನ್ ಎಷ್ಟು ವೇಗದಲ್ಲಿ ತಿರುಗಿದರೂ 50 ಹರ್ಟ್ಸ್ ಅಲುಗುವುದಿಲ್ಲ. ಭಾರ ಕಡಿಮೆಯಿದ್ದಾಗ ಎಂಜಿನ್ ತಾನೂ ಮೆಲ್ಲಗಾಗುತ್ತದೆ. ಹಳೆಯದು ಎರಡು ಬಲ್ಬಿಗೂ ಮೂರು ಸಾವಿರ ಸುತ್ತೇ ತಿರುಗುತ್ತಿತ್ತು, ಪೆಟ್ರೋಲ್ ಕುಡಿಯುತ್ತಿತ್ತು. ಬೆಲೆ ಮಾತ್ರ ಅದಕ್ಕಿಂತ ಜಾಸ್ತಿ. ಕಾಲು ಭಾಗ ತೂಕದ ಯಂತ್ರಕ್ಕೆ ಹೆಚ್ಚು ದುಡ್ಡೇ ಎಂದು ಭಾವ ಇನ್ನೂ ಮೂಗು ಮುರಿಯುತ್ತಾನೆ.

ಎಲ್‌ಪಿಜಿ ಕಿಟ್ ಹೊರಗಿನವರಿಂದ ಹಾಕಿಸಿದೆ. ಅದರಿಂದ ವಾರಂಟಿ ಹೋಯಿತು, ತಿಳಿದೇ ಕಳೆದುಕೊಂಡೆ. ದೊಡ್ಡ ಸಿಲಿಂಡರಿನ ಬದಲು ಮಾರುಕಟ್ಟೆ ದರದ 5 ಕಿಲೋ ಸಿಲಿಂಡರ್ ಎರಡು. ಒಂದರಲ್ಲಿ ಸುಮಾರು ಹತ್ತು ಯೂನಿಟ್ ಬರುತ್ತದೆ, ಆಯಿ ಅದನ್ನು ಒಂದೇ ಕೈಯಲ್ಲಿ ಎತ್ತುತ್ತಾಳೆ. ಪೆಟ್ರೋಲ್ ಟ್ಯಾಂಕು ಈಗ ಸದಾ ಖಾಲಿ. ಅಪರೂಪಕ್ಕೆ ಪೆಟ್ರೋಲಿನಲ್ಲಿ ಓಡಿಸಿದರೆ ನಲ್ಲಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ತಾನೇ ನಿಲ್ಲುವವರೆಗೆ ಕಾಯುವುದು. ಅಪ್ಪಯ್ಯನ ಕೊನೆಯ ಎರಡು ನಿಮಿಷ, ಬೇರೆ ರೂಪದಲ್ಲಿ.

ಖರ್ಚಿನ ಮಾತು ಬಂದರೆ ಯಾವ ಇಂಧನವೂ ಅಗ್ಗವಲ್ಲ. ಒಂದು ಲೀಟರ್ ಪೆಟ್ರೋಲಿಗೆ, ಯಂತ್ರದ ಮೇಲೆ ಸಾಕಷ್ಟು ಭಾರವಿದ್ದರೆ, ಎರಡು ಎರಡೂವರೆ ಯೂನಿಟ್. ಅಂದರೆ ಯೂನಿಟ್ಟಿಗೆ ನಲವತ್ತು ಐವತ್ತು ರೂಪಾಯಿ. ಗೃಹಜ್ಯೋತಿ ಬಂದ ಮೇಲೆ ಆಯಿಯ ಕರೆಂಟು ಬಿಲ್ಲು ಸೊನ್ನೆ. ಸೊನ್ನೆಗೂ ಐವತ್ತಕ್ಕೂ ನಡುವೆ ಇರುವುದು ಒಂದು ಮತ್ತಿಮರ, ಬೀಳಲು ಸಿದ್ಧವಾಗಿ.

ಜನರೇಟರಿನಿಂದ ನೇರ ದೀಪ ಉರಿಸುವುದನ್ನೂ ಬಿಟ್ಟಿದ್ದೇವೆ. ಬೆಳಿಗ್ಗೆ ಮೂರು ಗಂಟೆ ಓಡಿಸಿ ಇನ್‌ವರ್ಟರಿನ ಬ್ಯಾಟರಿ ತುಂಬುವುದು, ಅದೇ ಹೊತ್ತಿನಲ್ಲಿ ರುಬ್ಬುವುದು ಮುಗಿಸುವುದು. ಇದರಲ್ಲೂ ನಾನು ಮೊದಲು ಮೋಸ ಹೋದೆ. 150 ಆಂಪಿಯರ್-ಅವರ್ ಬ್ಯಾಟರಿ ಒಂದು ಗಂಟೆಯಲ್ಲಿ ತುಂಬುತ್ತದೆ ಎಂದುಕೊಂಡಿದ್ದೆ. ಅದು ನೆಮ್ಮದಿಯಾಗಿ ಕುಡಿಯುವುದು ಹದಿನೈದು ಆಂಪಿಯರ್ ವೇಗದಲ್ಲಿ. ಜನರೇಟರ್ ಎರಡು ಕೆವಿಎ ಇರಲಿ ಐದಿರಲಿ, ಬ್ಯಾಟರಿಯ ಗಂಟಲು ಅಗಲವಾಗುವುದಿಲ್ಲ. ಮೂರು ಗಂಟೆಗೆ ಮೂರನೆಯ ಒಂದು ಪಾಲು ತುಂಬುತ್ತದೆ. ಆಯಿಯ ದೀಪ, ಫೋನಿಗೆ ಸಂಜೆಯಿಂದ ಮಲಗುವವರೆಗೆ ಅಷ್ಟು ಸಾಕು. ರಾತ್ರಿ ಯಂತ್ರದ ಸದ್ದಿಲ್ಲ, ಬರೀ ಮಳೆ. ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿನಿಂದಲೇ ಹಾಕಿಸಿದೆ. ಕತ್ತರಿಸಿದ ಆ ಪಿನ್ನನ್ನು ಅದರ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ.

ಆದರೂ ಹಗ್ಗ ಹಗ್ಗವೇ. ಸಣ್ಣ ಎಂಜಿನ್ನಿನದಾದರೂ ಆಯಿಯ ಬಲಗೈಗೆ ಆಗುವುದಿಲ್ಲ, ಎಡಗೈಯಲ್ಲಿ ಕೆಲವು ದಿನ ಆಗುತ್ತದೆ, ಕೆಲವು ದಿನ ಇಲ್ಲ. ಮೇಲಿನ ಮನೆಯ ಒಂಬತ್ತನೆಯ ತರಗತಿಯ ಹುಡುಗಿ ಎರಡನೆಯ ಎಳೆತಕ್ಕೆ ಹೊತ್ತಿಸುತ್ತಾಳೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಶಾಲೆ ಬಿಟ್ಟು ಬಂದು ಹತ್ತು ನಿಮಿಷ ಓಡಿಸಿಟ್ಟು ಹೋಗುವುದು ಅವಳ ಕೆಲಸ. ಇದನ್ನು ನಾನು ಏರ್ಪಾಡು ಮಾಡಿದ್ದಲ್ಲ, ಅವರವರೇ ಮಾಡಿಕೊಂಡದ್ದು.

ಮೊನ್ನೆ ಎರಡು ದಿನ ಕರೆಂಟಿರಲಿಲ್ಲ. ಫೋನು ಸಿಕ್ಕಿತು. ಹಿಂದೆ ಬರೀ ಮಳೆಯ ಸದ್ದು ಕೇಳುತ್ತಿತ್ತು, ಎಂಜಿನ್ನಿನದು ಇಲ್ಲ. ಎದೆ ಧಸಕ್ಕೆಂದಿತು. "ಜನರೇಟರ್ ಹೊತ್ತಲಿಲ್ಲವೇ ಆಯಿ?" ಎಂದೆ.

"ಹೊತ್ತದೆ ಏನು? ಮೇಲಿನ ಮನೆಯಲ್ಲಿ ಇವತ್ತು ತಿಥಿ, ವಡೆಗೆ ರುಬ್ಬುವುದಿತ್ತು. ಹುಡುಗಿ ಮತ್ತು ಅವಳ ಅಪ್ಪ ಬಂದು ಹಿಡಿಕೆ ಹಿಡಿದು ಒಯ್ದರು. ಸಂಜೆ ತಂದು ಕೊಡುತ್ತಾರೆ" ಎಂದಳು. ಆಮೇಲೆ, ನೆನಪಾದಂತೆ: "ಸಿಲಿಂಡರ್ ಅವರದ್ದೇ."